ಇಟಲಿ ಮೂಗಿನವಳು

ಇನ್ಸಾಫ್ ಅಡುಗೆಮನೆಯ ನೆಲದಲ್ಲಿ ಕಾಲು ಚಾಚಿ ಕೂತು ಸೋರೆ ಜಾತಿಯ ಎಳೆಯ ಕೂಸಾ ಕಾಯಿಗಳ ತಿರುಳು ಕೊರೆಯುತ್ತಿದ್ದಳು. ಒಳಗೆ ಅಕ್ಕಿ, ಕೈಮಾ ತುಂಬಬೇಕು. ತಿರುಳು ಪೂರ್ತಿ ಹೋಗಬೇಕು, ಸಿಪ್ಪೆ ಮಾತ್ರ ತೂತಾಗಬಾರದು. ಉಸಿರು ಬಿಗಿಹಿಡಿದು ಮಾಡುವ ಕೆಲಸ. ಅರ್ಧ ಬುಟ್ಟಿ ಮುಗಿದಿತ್ತು. ಅಷ್ಟರಲ್ಲಿ ಕೆಳಗೆ ಬೀದಿಯಲ್ಲಿ ಯಾರೋ ಹಸಿದ ಸಿಂಹದ ಬಾಲ ತುಳಿದಂಥ ಸದ್ದಾಯಿತು. ಕೈಯಲ್ಲಿದ್ದ ಕೊರೆಗೋಲು ಕಾಯಿಯ ಆಚೆ ಬದಿಗೆ ಬಂತು.

"ಯಮ್ಮಾ, ಬಾಬಾ ಬಂದ! ಕೆಂಪು ಕಾರು! ಬೇಗ ಬಾ!" ಎಂದು ಆರು ವರ್ಷದ ಮಗಳು ತಾಲೀನ್ ಬಾಲ್ಕನಿಯಿಂದ ಕೂಗಿದಳು.

ಇನ್ಸಾಫ್ ಕೈ ಒರೆಸಿಕೊಳ್ಳುತ್ತ ಹೋಗಿ ಬಗ್ಗಿ ನೋಡಿದಳು. ಮನೆಮಂದಿಯೆಲ್ಲ ಕೂರುವಂಥ ಒಂದು ಕಾರು ಹುಡುಕಿದ್ದೇನೆ, ರಿಪೇರಿಯಲ್ಲಿದೆ ಎಂದು ಗಂಡ ಹಿಕ್ಮತ್ ಒಂದು ತಿಂಗಳಿಂದ ಹೇಳುತ್ತಿದ್ದ. ಕೆಳಗೆ ನಿಂತಿದ್ದ ವಸ್ತುವಿಗೆ ಎರಡೇ ಬಾಗಿಲು. ಬೀದಿಯ ಬೆಕ್ಕು ತಲೆ ತಗ್ಗಿಸಿ ಅದನ್ನು ನೋಡುತ್ತಿತ್ತು, ಅಷ್ಟು ಕುಳ್ಳು. ಹಿಕ್ಮತ್ ಅದರೊಳಗಿನಿಂದ ಕಂತುಕಂತಾಗಿ ಹೊರಬಂದ: ಮೊದಲು ತಲೆ, ಆಮೇಲೆ ಹೊಟ್ಟೆ, ಒಂದಿಷ್ಟು ಯೋಚನೆಯಾದ ಮೇಲೆ ಕಾಲು.

ಎದುರು ಬಾಲ್ಕನಿಯ ಉಮ್ಮ್ ಹೈತಮ್ ಕಾಫಿ ಬಟ್ಟಲನ್ನು ಕಟ್ಟೆಯ ಮೇಲಿಟ್ಟಳು. ಆಕೆ ಕಾಫಿ ಕೆಳಗಿಡುವುದು ಸಾವಿನ ಸುದ್ದಿಗೆ ಮಾತ್ರ ಎಂದು ಬೀದಿಗೆಲ್ಲ ಗೊತ್ತು.

"ಇನ್ಸಾಫ್, ನಿನ್ನ ಗಂಡ ಪರದೆ ಮಾರೋದು ಬಿಟ್ಟು ಬ್ಯಾಂಕಿಗೆ ಕನ್ನ ಹಾಕಿದ್ನೇನೇ? ಇದು ಇಟಲಿದು! ಟೀವಿಲಿ ಶೇಖ್‌ಗಳು ಓಡಿಸೋದು!"

"ಅಲ್‌ಹಮ್ದುಲಿಲ್ಲಾ," ಎಂದ ಹಿಕ್ಮತ್ ಕೆಳಗಿನಿಂದ. ದೇವರಿಗೆ ಸ್ತುತಿ ಎಂಬ ಆ ಮಾತು ಸುಳ್ಳಾಗುವ ಸಂದರ್ಭವೇ ಇಲ್ಲವಾದ್ದರಿಂದ ಅವನು ಮುಂದಿನ ದಿನಗಳಲ್ಲಿ ಎಲ್ಲ ಪ್ರಶ್ನೆಗಳಿಗೂ ಅದನ್ನೇ ಉತ್ತರವಾಗಿ ಕೊಟ್ಟ.

ಹಿಕ್ಮತ್ ಎಂದರೆ ಅರಬ್ಬಿಯಲ್ಲಿ ವಿವೇಕ. ಕನ್ನಡಕ್ಕೆ ಬರುವಷ್ಟರಲ್ಲಿ ಆ ಪದ ಚಾಲಾಕಿತನವಾಗಿದೆ. ಪರದೆ ಅಂಗಡಿಯ ಹಿಕ್ಮತ್ ಎರಡಕ್ಕೂ ಸಂಬಂಧಪಟ್ಟವನಲ್ಲ. ಕೈಯಲ್ಲಿ ಅಳತೆ ಟೇಪು ಹಿಡಿದ ಯಾರೇ ಏನೇ ಹೇಳಲಿ, ಇಲ್ಲವೆನ್ನಲು ಬಾರದವನು. ಝರ್ಕಾ ಊರಾಚೆಯ ಬಯಲಿನಲ್ಲಿ, ಅಮೆರಿಕದಲ್ಲಿ ಗುದ್ದಿಸಿಕೊಂಡ ಕಾರುಗಳು ಹಡಗು ಹತ್ತಿ ಬಂದು ಬೀಳುವ ಜಾಗದಲ್ಲಿ, ಅವನು ಕೊಂಡದ್ದು ಕೊರಿಯಾದ ಒಂದು ಸ್ಪೋರ್ಟ್ಸ್ ಕಾರು. ಹಿಂಭಾಗ ಮದುವಣಗಿತ್ತಿಯಂತಿತ್ತು. ಮುಂಭಾಗ ಇರಲೇ ಇಲ್ಲ. ಹಿಂದಿನಿಂದ ನಡೆದು ಬಂದ ಹಿಕ್ಮತ್ ಮೊದಲು ಹೂಂ ಎಂದು, ಆಮೇಲೆ ಮುಂದೆ ಹೋಗಿ ನೋಡಿದ.

ಅದನ್ನು ಎಳೆದುಕೊಂಡು ಹೋದದ್ದು ಫೈಬರ್ ಕೆಲಸದ ಅಬು ಝಕಿಯ ಗ್ಯಾರೇಜಿಗೆ. ಅಬು ಝಕಿ ಟೇಪು ಹಿಡಿದು ಸುತ್ತ ಅಳೆದು ಹೇಳಿದ್ದು ಇಷ್ಟು: "ಕೊರಿಯಾ ಮೂಗು ಬರೋಕೆ ಆರು ತಿಂಗಳು. ಇಟಲಿ ಮೂಗು ನನ್ನ ಅಟ್ಟದ ಮೇಲೆ ರೆಡಿ ಇದೆ, ಮಾಡಿಸ್ಕೊಂಡ ಗಿರಾಕಿ ಬರಲೇ ಇಲ್ಲ. ಬಂಪರು, ಪಕ್ಕೆ, ಹಿಂದಿನ ರೆಕ್ಕೆ ಎಲ್ಲಾ ಸೇರಿ ಒಂದು ಸೆಟ್. ಹಾಕಿಬಿಡ್ಲಾ?"

"ಹೊಂದುತ್ತಾ?"

"ಹೊಂದದೇ ಇದ್ರೆ ಪುಟ್ಟಿ ಇದೆ."

ಹೀಗೆ ಪುಟ್ಟಿ, ಅಂಟು, ಕೆಂಪು ಬಣ್ಣದ ದಯೆಯಿಂದ ಕೊರಿಯಾದ ದೇಹಕ್ಕೆ ಇಟಲಿಯ ಮುಖ ಬಂತು. ಕೆಂಪು ಮಾತ್ರ ಎರಡು ತರಹದ್ದಾಯಿತು. ಬಾಗಿಲುಗಳು ನಾಚಿಕೊಂಡಂತೆಯೂ ಮುಖ ಕೋಪಗೊಂಡಂತೆಯೂ ಕಾಣುತ್ತಿದ್ದವು. ಮೂಗಿನ ಮೇಲಿನ ಕುದುರೆಯ ಲಾಂಛನ ಅಚ್ಚಿನಲ್ಲಿ ಸರಿಯಾಗಿ ಮೂಡದೆ ಮೇಕೆಯಾಗಿತ್ತು. ಇಟಲಿ ಕಾರಿಗೆ ಇಂಜಿನ್ ಹಿಂದೆ ಇರುತ್ತದಂತೆ. ಇದರ ಹಿಂದೆ ಇನ್ಸಾಫ್ ಈರುಳ್ಳಿ ಮೂಟೆ ಇಟ್ಟಳು.

"ನಾವು ಮೂರು ಜನ, ಮೈಸೂನ್ ಸೇರಿ ನಾಲ್ಕು. ಇದರಲ್ಲಿ ಕೂರೋದು ಎಲ್ಲಿ?" ಎಂದು ಅವಳು ಕೇಳಿದ್ದು ಒಂದೇ ಪ್ರಶ್ನೆ.

"ಅವಳಿಗೆ ಸ್ವಲ್ಪ ಸಮಯ ಕೊಡು," ಎಂದ ಹಿಕ್ಮತ್, ಕಾರಿನ ತಲೆ ಸವರುತ್ತ.

ಇಲ್ಲಿ ಒಂದು ಮಾತು ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನ ಅನಾಹುತ ಅರ್ಥವಾಗದು. ಆ ಊರಿನ ಅರಬ್ಬಿ ಭಾಷೆಯಲ್ಲಿ 'ಅದು' ಎನ್ನುವ ಪದವೇ ಇಲ್ಲ. ಪ್ರಪಂಚದ ವಸ್ತುಗಳೆಲ್ಲ ಒಂದೋ ಅವನು, ಇಲ್ಲವೇ ಅವಳು. ಕುರ್ಚಿ ಅವನು, ಮೇಜು ಅವಳು. ಚಂದ್ರ ಅವನು, ಸೂರ್ಯ ಅವಳು. ಕಾರು, ಎಲ್ಲಿಯ ಮೂಗನ್ನು ಅಂಟಿಸಿಕೊಂಡಿದ್ದರೂ, ಅವಳೇ.

ಮನೆಯಲ್ಲಿ ಇನ್ನೊಬ್ಬ ಅವಳಿದ್ದಳು. ಮೈಸೂನ್, ಹಿಕ್ಮತ್‌ನ ತಂಗಿ. ಇನ್ಸಾಫ್ ಮದುವೆಯಾಗಿ ಬಂದಾಗ ಎರಡು ಜಡೆ ಹಾಕಿಕೊಂಡು ಬಾಗಿಲ ಹಿಂದಿನಿಂದ ಇಣುಕಿದ ಹುಡುಗಿ. ಆ ಜಡೆಗಳನ್ನು ಎಷ್ಟೋ ವರ್ಷ ಇನ್ಸಾಫಳೇ ಹೆಣೆದಿದ್ದಳು. ಈಗ ಮೈಸೂನ್‌ಗೆ ಮೂವತ್ತು ದಾಟಿತ್ತು. ಅಣ್ಣ ತಪ್ಪಾಗಿ ಅಳೆದು ತಂದ ಪರದೆಗಳನ್ನು ಸದ್ದಿಲ್ಲದೆ ಸರಿಯಾಗಿ ಹೊಲಿಯುವವಳು. ಹಿಂದೊಮ್ಮೆ ಅವಳನ್ನು ಕೇಳಲು ಒಳ್ಳೆಯ ಮನೆಯವರು ಬಂದಿದ್ದರು. ಹಿಕ್ಮತ್ ಅವರಿಗೆ ಹತ್ತಿಬಟ್ಟೆ ಒಗೆದಾಗ ಎಷ್ಟು ಕುಗ್ಗುತ್ತದೆ ಎಂದು ವಿವರಿಸುತ್ತ ಹೋದ. ಅವರು ಕುಗ್ಗಿ ಹೋದರು, ಮತ್ತೆ ಬರಲಿಲ್ಲ. ಆಮೇಲೆ ಎಷ್ಟೋ ವಾರ ಮೈಸೂನ್ ಹೊಲಿಗೆ ಯಂತ್ರದ ಮುಂದಿನಿಂದ ಎದ್ದಿರಲಿಲ್ಲ. ಇನ್ಸಾಫ್ ಅದನ್ನು ಮರೆತಿರಲಿಲ್ಲ.

ಈಗ ಲಬನೆ ಮಾರುವ ಇಯಾದ್ ಬಂದಿದ್ದ. ದಿನಾ ಬೆಳಿಗ್ಗೆ ಅವನ ವ್ಯಾನು ಬರುತ್ತಿತ್ತು, ಮೈಸೂನ್ ಬಾಲ್ಕನಿಯಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಸುತ್ತಿದ್ದಳು, ಅವನು ಗಟ್ಟಿಮೊಸರಿನ ಡಬ್ಬಿ ಇಡುತ್ತಿದ್ದ. ಮನೆಯಲ್ಲಿ ಲಬನೆ ತಿನ್ನುವವರಿಗಿಂತ ಲಬನೆ ಹೆಚ್ಚಾದಾಗ ಇನ್ಸಾಫ್‌ಗೆ ಅನುಮಾನ ಬಂತು. ಮೊನ್ನೆ ಅವನ ತಾಯಿಯೇ ಬಂದು, ಚಹಾ ಕುಡಿದು, ಮೈಸೂನ್ ಕೈಯ ಹೊಲಿಗೆ ನೋಡಿ, "ಅಲ್ಲಾಹ್ ಇಚ್ಛೆ ಇದ್ರೆ ಗುರುವಾರ ಗಂಡಸರನ್ನ ಕಳಿಸ್ತೀನಿ. ಆವರೆಗೂ ಯಾರ ಬಾಯಿಗೂ ಬೀಳೋದು ಬೇಡ, ದೃಷ್ಟಿ ತಾಕುತ್ತೆ" ಎಂದು ಹೇಳಿ ಹೋಗಿದ್ದಳು. ಒಳ್ಳೆಯದನ್ನು ಆಗುವ ಮೊದಲು ಹೆಸರಿಟ್ಟು ಕರೆಯಬಾರದು. ಆದ್ದರಿಂದ ಇನ್ಸಾಫ್ ಅದಕ್ಕೆ 'ಆ ವಿಷಯ' ಎನ್ನುತ್ತಿದ್ದಳು.

ಕಾರು ಬಂದ ಮರುದಿನ ಬೆಳಿಗ್ಗೆ ಇಯಾದ್ ಡಬ್ಬಿ ಬುಟ್ಟಿಗೆ ಹಾಕಿ, ಕಣ್ಣು ಬಾಲ್ಕನಿಯಲ್ಲೇ ಬಿಟ್ಟು, ವ್ಯಾನನ್ನು ಹಿಂದಕ್ಕೆ ತೆಗೆದ. ಟಪ್ ಎಂದು ಸದ್ದಾಯಿತು. ತಗಡು ಗುದ್ದಿದ ಸದ್ದಲ್ಲ, ಮೊಸರಿನ ಬಕೀಟು ತುಳಿದ ಸದ್ದು. ಇಟಲಿಯ ಮೂಗಿನ ಎಡತುದಿ ಬಿರುಕು ಬಿಟ್ಟಿತ್ತು.

ಹಿಕ್ಮತ್ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಕೆಳಗೆ ಓಡಿದ. ಇಯಾದ್ ಲಬನೆಗಿಂತ ಬಿಳಿಚಿಕೊಂಡು ನಿಂತಿದ್ದ. ಆ ಊರಲ್ಲಿ ತಂದೆತಾಯಿಯನ್ನು ಮಕ್ಕಳ ಹೆಸರಿನಿಂದ ಕರೆಯುವುದು ವಾಡಿಕೆ: ಅಪ್ಪನಾದರೆ ಅಬು, ಅಮ್ಮನಾದರೆ ಉಮ್ಮ್.

"ಅಬು ತಾಲೀನ್, ತಪ್ಪು ನನ್ನದೇ. ಕಣ್ಣು ಇರಬಾರದ ಕಡೆ ಇತ್ತು. ಇನ್ನು ಬಾಯಿ ಮುಚ್ಕೊಂಡಿರೋದು ಗಂಡಸಿನ ಲಕ್ಷಣ ಅಲ್ಲ. ಗುರುವಾರ ಹಿರಿಯರನ್ನ ಕರ್ಕೊಂಡು ನಿಮ್ಮ ಮನೆಗೆ ಬರ್ತೀನಿ."

"ಇಷ್ಟು ಸಣ್ಣ ವಿಷಯಕ್ಕೆ ಹಿರಿಯರು ಯಾಕಪ್ಪಾ?"

"ಸಣ್ಣದು ಅನ್ನಬೇಡಿ. ನನ್ನ ಜೀವನದ ಪ್ರಶ್ನೆ."

ಹಿಕ್ಮತ್ ಮೇಲೆ ಬಂದು ಸೋಫಾದಲ್ಲಿ ಕುಸಿದ. ಲಬನೆ ಮಾರುವ ಹುಡುಗ, ಇಟಲಿಯ ಮೂಗಿನ ಬೆಲೆ ಕಟ್ಟಬೇಕೆಂದು ತಿಳಿದಿದ್ದಾನೆ. ಮೂಗು ಫೈಬರಿನದು ಎಂದು ಹೇಳಿದರೆ ಬೀದಿಯಲ್ಲಿ ತನ್ನ ಮೂಗು ಹೋಗುತ್ತದೆ. ಹೇಳದಿದ್ದರೆ ಹುಡುಗ ವ್ಯಾನು ಮಾರಬೇಕಾಗುತ್ತದೆ.

"ಗುರುವಾರ ಅವರು ಬರ್ತಾರಂತೆ," ಎಂದ ಹೆಂಡತಿಗೆ.

"ಗೊತ್ತು. ಅವನ ತಾಯಿ ಹೇಳಿದ್ರು."

"ತಾಯಿಗೂ ಗೊತ್ತಾಗಿಹೋಯ್ತಾ?"

"ತಾಯಿಗೆ ಗೊತ್ತಿಲ್ಲದೆ ಇಂಥದ್ದು ಆಗುತ್ತೇನ್ರೀ? ನೀವು ಈ ಸಲ ಹೆಚ್ಚು ಮಾತಾಡಬೇಡಿ. ಕೇಳಿದ್ದಕ್ಕೆ ಹೂಂ ಅನ್ನಿ, ಅಷ್ಟೇ."

"ಹೂಂ ಅಂದ್ರೆ ಪಾಪ ಆ ಹುಡುಗ ಮುಳುಗಿಹೋಗ್ತಾನೆ ಕಣೇ."

"ಯಾಕೆ ಮುಳುಗ್ತಾನೆ? ಮನಸಾರೆ ಬರ್ತಿದಾನೆ."

"ಅವನಿಗೆ ಒಳಗಿನ ಸತ್ಯ ಗೊತ್ತಿಲ್ಲ. ಹೊರಗಿನ ಅಂದ ನೋಡಿ ಮೋಸ ಹೋಗಿದಾನೆ."

ಇನ್ಸಾಫ್ ಸಿಟ್ಟಿನಿಂದ ಈರುಳ್ಳಿ ಹೆಚ್ಚಿದಳು. ತಂಗಿಯ ಬಗ್ಗೆ ಹೀಗೆ ಮಾತಾಡುವ ಗಂಡನ ಎದುರು ಕಣ್ಣೀರು ಬರಿಸಿಕೊಳ್ಳಲು ಅದೊಂದು ಅನುಕೂಲದ ಕೆಲಸ. ಹೆಸರು ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅವಳು ದೃಷ್ಟಿಗೆ ಹೆದರಿ ಹೇಳಲಿಲ್ಲ, ಅವನು ಮರ್ಯಾದೆಗೆ ಹೆದರಿ ಹೇಳಲಿಲ್ಲ.

ಹೆಣ್ಣು ಕೇಳಲಿಕ್ಕಾಗಲಿ, ತಪ್ಪಿನ ರಾಜಿಗಾಗಲಿ ಅಲ್ಲಿ ಹೋಗುವುದು ಜಾಹಾ; ಗುರುವಾರ ಸಂಜೆ ಅದು ಬಂತು. ಹಿರಿಯರ ದಂಡು ಮೆಟ್ಟಿಲ ತುಂಬ ನಿಂತಿತ್ತು: ಕೋಟು ಹೊದ್ದವರು, ತಲೆಗೆ ಕೆಂಪು ಚೌಕುಳಿ ವಸ್ತ್ರ ಕಟ್ಟಿದವರು, ಕೊನೆಯಲ್ಲಿ ಹೊಸ ಬೂಟಿನ ಇಯಾದ್, ಕೈಯಲ್ಲಿ ಸಿಹಿತಿಂಡಿಯ ದೊಡ್ಡ ತಟ್ಟೆ. 'ಒಂದು ಬಂಪರಿಗೆ ಇಷ್ಟು ಜನವೇ!' ಎಂದುಕೊಂಡ ಹಿಕ್ಮತ್. ತನ್ನ ಕಡೆಯಿಂದ ಅವನು ಕರೆದದ್ದು ಮನೆ ಮಾಲೀಕ ಅಬು ನವ್ವಾಫ್‌ನನ್ನು. ಆತನಿಗೆ ಒಂದು ಕಿವಿ ಕೇಳಿಸದು, ಇನ್ನೊಂದು ಕೇಳಿಸಿದ್ದನ್ನು ನಂಬದು. ಜಪಮಣಿ ಎಣಿಸುತ್ತ ಎಲ್ಲದಕ್ಕೂ "ಖಂಡಿತ, ಖಂಡಿತ" ಎನ್ನುವುದು ಆತನ ಪದ್ಧತಿ.

ಬಿಸಿ ಕಾಫಿಯ ಸಣ್ಣ ಬಟ್ಟಲುಗಳು ಬಂದವು. ದಂಡಿನ ಮುಖ್ಯಸ್ಥ ಹಾಜಿ ಅಬು ಸಖರ್ ತನ್ನ ಬಟ್ಟಲನ್ನು ಮುಟ್ಟದೆ ಮುಂದಿಟ್ಟುಕೊಂಡ. ಉಳಿದವರೂ ಹಾಗೇ ಇಟ್ಟರು. ಕೇಳಿದ್ದು ಸಿಕ್ಕರೆ ಕುಡಿಯುವುದು, ಸಿಗದಿದ್ದರೆ ಕಾಫಿ ಅಲ್ಲೇ ಆರಲು ಬಿಟ್ಟು ಎದ್ದು ಹೋಗುವುದು.

ಗಂಡಸರ ಕೋಣೆಗೂ ಒಳಮನೆಗೂ ನಡುವೆ ಹಿಕ್ಮತ್ ತಾನೇ ಅಳೆದು ಹಾಕಿದ ಪರದೆ. ಒಂದು ಗೇಣು ಗಿಡ್ಡವಾಗಿತ್ತು. ಅದರ ಹಿಂದೆ ನಿಂತ ಇನ್ಸಾಫ್ ಮತ್ತು ಮೈಸೂನ್ ಕಾಣುತ್ತಿರಲಿಲ್ಲ, ಅವರ ನಾಲ್ಕು ಚಪ್ಪಲಿ ಕಾಣುತ್ತಿದ್ದವು. ತಾಲೀನ್ ಮಾತ್ರ ಅಪ್ಪನ ಪಕ್ಕದ ದಿಂಬಿನ ಮೇಲೆ ಕೂತಿದ್ದಳು.

ಹಾಜಿ ಅಬು ಸಖರ್ ದೇವರ ಹೆಸರು ಹೇಳಿ ಗಂಟಲು ಸರಿ ಮಾಡಿಕೊಂಡ. "ಅಬು ತಾಲೀನ್, ನಿಮ್ಮ ಮನೆ ಮುಂದೆ ನಮ್ಮ ಹುಡುಗನ ಕಣ್ಣು ಜಾರಿತು. ವಯಸ್ಸು, ಮುಚ್ಚಿಡೋದೇನು."

"ರಸ್ತೇನೂ ಇಳಿಜಾರು, ಹಾಜಿ," ಎಂದ ಹಿಕ್ಮತ್ ಉದಾರವಾಗಿ.

ಇದೊಂದು ಹಳೆಯ ಗಾದೆಯಿರಬೇಕೆಂದು ಹಿರಿಯರು ತಲೆದೂಗಿದರು.

"ಅವಳ ಹೆಸರು ನಮ್ಮ ಕೇರಿವರೆಗೂ ಕೇಳಿಸಿದೆ."

"ಸದ್ದು ಸ್ವಲ್ಪ ಜಾಸ್ತಿ ಅವಳದು. ಬೆಳಿಗ್ಗೆ ಶುರುವಾದಳು ಅಂದ್ರೆ ಬೀದಿಗೆ ಬೀದಿಯೇ ಎದ್ದು ಕೂರುತ್ತೆ."

ಪರದೆಯ ಹಿಂದೆ, ಜೋರಾಗಿ ಸೀನಲೂ ನಾಚುವ ಮೈಸೂನ್ ಅತ್ತಿಗೆಯ ಮುಖ ನೋಡಿದಳು. ಇನ್ಸಾಫ್ ಅವಳ ಕೈ ಹಿಡಿದುಕೊಂಡಳು.

"ಅವಳಿಗೆ ಸಲ್ಲಬೇಕಾದ್ದನ್ನ ಸಲ್ಲಿಸೋಕೆ ನಾವು ತಯಾರು. ಎಷ್ಟು ಅಂತ ನೀವೇ ಬಾಯಿ ಬಿಟ್ಟು ಹೇಳಿ," ಎಂದ ಹಾಜಿ.

ಹಿಕ್ಮತ್ ಹೆದರಿದ್ದ ಗಳಿಗೆ ಇದೇ. ಇಯಾದ್‌ನ ಹೊಸ ಬೂಟು ನೋಡಿದ. ಅದು ಅವನಿಗೆ ಒಂದು ಅಂಗುಲ ದೊಡ್ಡದಾಗಿತ್ತು, ಯಾರದೋ ಕೇಳಿ ತಂದದ್ದು. ಹಿಕ್ಮತ್‌ನ ಕರುಳು ಕರಗಿತು.

"ಹಾಜಿ, ಒಂದು ಕಾಸೂ ಬೇಡ. ಹುಡುಗ ಸುಖವಾಗಿರಲಿ."

"ಅದಾಗಲ್ಲ! ಅವಳಂಥವಳನ್ನ ಬಿಟ್ಟಿ ಕೇಳೋರು ನಾವಲ್ಲ."

"ಕೇಳೋದಾ?" ಹಿಕ್ಮತ್ ಬೆರಗಾದ. "ಅಂದ್ರೆ, ನೀವು ಅವಳನ್ನೇ ಕೇಳೋಕೆ ಬಂದ್ರಾ? ಪೂರ್ತಿ?"

"ಅರ್ಧ ಯಾರು ಕೇಳ್ತಾರೆ, ಅಬು ತಾಲೀನ್?"

"ಖಂಡಿತ, ಖಂಡಿತ," ಎಂದ ಅಬು ನವ್ವಾಫ್.

ಓಹೋ, ಗುದ್ದಿದ ಕಾರನ್ನು ಕೊಂಡೇ ಬಿಡುವ ಯೋಚನೆ! ಈಗ ಹಿಕ್ಮತ್‌ನ ಧರ್ಮ ಇನ್ನೂ ಬಿಗಿಯಾಯಿತು. ಕೊಡುವವನು ದೋಷ ಮುಚ್ಚಿಡಬಾರದು; ಮುಚ್ಚಿಟ್ಟರೆ ಆ ದುಡ್ಡು ಹರಾಮು. ಅವನು ಎದ್ದು ನಿಂತು ಎದೆಯ ಮೇಲೆ ಕೈಯಿಟ್ಟ.

"ಹಾಗಾದ್ರೆ ಅಲ್ಲಾಹನ ಮುಂದೆ ನಿಜ ಹೇಳಿಬಿಡ್ತೀನಿ. ಅವಳು ಕಾಣೋ ಹಾಗಿಲ್ಲ. ಮುಖ ಇದೆಯಲ್ಲ, ಅದು ಅವಳ ಸ್ವಂತದ್ದಲ್ಲ."

ಜಪಮಣಿಗಳು ನಿಂತವು.

"ಅಂದ್ರೆ, ಮೂಗೇನಾದ್ರೂ..." ಎಂದ ಹಾಜಿ ಮೆಲ್ಲಗೆ.

"ಮೂಗಂತೂ ಅಲ್ಲವೇ ಅಲ್ಲ. ಅಬು ಝಕಿ ಅಂತ ಒಬ್ಬ ಎರಕ ಹೊಯ್ದು ಕೂರಿಸಿದ. ಅಂಟು ಆರೋಕೇ ಒಂದು ವಾರ ಹಿಡೀತು. ಹತ್ತಿರದಿಂದ ನೋಡಿದ್ರೆ ಪುಟ್ಟಿ ಕಾಣುತ್ತೆ."

ಅಬು ಝಕಿಯ ಹೆಸರು ಕಿವಿಗೆ ಬಿದ್ದದ್ದೇ ಇನ್ಸಾಫ್‌ಗೆ ಎಲ್ಲವೂ ಅರ್ಥವಾಯಿತು. ತಿಂಗಳಿಂದ ಊಟದ ಹೊತ್ತಿಗೆಲ್ಲ ಕೇಳಿದ ಹೆಸರು. ಅವಳು ಜೋರಾಗಿ ಕೆಮ್ಮಿದಳು.

"ಕಾಫಿ ಆಮೇಲೆ ಬಿಸಿ ಮಾಡುವಿಯಂತೆ, ಉಮ್ಮ್ ತಾಲೀನ್," ಎಂದ ಹಿಕ್ಮತ್ ತಿರುಗಿ ನೋಡದೆ.

ಜಾಹಾದ ನಡುವೆ ಹೆಂಗಸು ಬಾಯಿ ಹಾಕಿದರೆ ಮಾತು ಅಲ್ಲಿಗೇ ಮುರಿದಂತೆ. ಅವಳು ಬಗ್ಗಿ ಪರದೆಯ ಕೆಳಗಿನಿಂದ ಕೈಚಾಚಿ ಮಗಳನ್ನು ಕರೆದಳು. ತಾಲೀನ್ ಇತ್ತ ನೋಡಲಿಲ್ಲ. ಅವಳ ಕಣ್ಣು ಅಪ್ಪನಿಂದ ಹಾಜಿಗೆ, ಹಾಜಿಯಿಂದ ಇಯಾದ್‌ಗೆ ಓಡಾಡುತ್ತಿತ್ತು. "ಬಾಬಾ..." ಎಂದಳು.

"ದೊಡ್ಡವರು ಮಾತಾಡ್ತಿದಾರೆ, ಸುಮ್ಮನಿರು."

ಇಯಾದ್ ಪಕ್ಕದಲ್ಲಿ ಕೂತಿದ್ದ ತನ್ನ ದೊಡ್ಡಪ್ಪನ ಕಿವಿಯಲ್ಲಿ ಪಿಸುಗುಟ್ಟಿದ: "ಪರೀಕ್ಷೆ ಮಾಡ್ತಿದಾರೆ. ನಾನು ಬಿಡಲ್ಲ." ಆಮೇಲೆ ಗಟ್ಟಿಯಾಗಿ, "ಮೂಗು ಯಾರದ್ದಾದ್ರೂ ಆಗಲಿ, ನನಗೆ ಅವಳೇ ಸರಿ," ಎಂದ.

"ಅವಸರ ಮಾಡಬೇಡಪ್ಪಾ, ಪೂರ್ತಿ ಕೇಳು. ಅವಳು ಮೊದಲು ಅಮೆರಿಕದಲ್ಲಿ ಒಬ್ಬನ ಹತ್ತಿರ ಇದ್ದಳು."

"ಅಸ್ತಗ್‌ಫಿರುಲ್ಲಾ!" ಎಂದಿತು ದಂಡು.

"ಖಂಡಿತ, ಖಂಡಿತ," ಎಂದ ಅಬು ನವ್ವಾಫ್.

"ಅಲ್ಲಿ ಲಾರಿಗೆ ಗುದ್ದಿ ಈ ಗತಿ ಆಯ್ತು. ನಾನು ಕರ್ಕೊಂಡು ಬಂದಾಗ ಮುಂದೆ ಏನೂ ಇರಲಿಲ್ಲ. ಈಗಲೂ ಬಿಸಿಲಲ್ಲಿ ಸ್ವಲ್ಪ ಹೊತ್ತಿಗೇ ತಲೆ ಕಾಯುತ್ತೆ, ಬುಸ್ಸಂತಾಳೆ."

"ನಾನೇ ತಣ್ಣೀರು ಹಾಕಿ ಸಮಾಧಾನ ಮಾಡ್ತೀನಿ," ಎಂದ ಇಯಾದ್.

"ನೀನು ಬಲಕ್ಕೆ ಹೋಗು ಅಂದ್ರೆ ಅವಳು ಎಡಕ್ಕೆ ಎಳೀತಾಳೆ."

"ಎಡಕ್ಕೆ ಎಳೆದ್ರೆ ನಾನೂ ಎಡಕ್ಕೇ ಹೋಗ್ತೀನಿ, ಅಬು ತಾಲೀನ್."

ಪರದೆಯ ಹಿಂದೆ ಮೈಸೂನ್‌ಳ ಕೈ ಇನ್ಸಾಫ್‌ಳ ಕೈಯೊಳಗೆ ಬೆಚ್ಚಗಾಯಿತು. ಅಣ್ಣನ ಮಾತಿಗೆ ತುಂಬಿಕೊಂಡಿದ್ದ ಕಣ್ಣು ಹಾಗೇ ಇತ್ತು, ಆದರೆ ತುಟಿಯ ಮೂಲೆಯಲ್ಲಿ ಬೇರೇನೋ ಶುರುವಾಗಿತ್ತು. ಅವಳ ಒಂದು ಚಪ್ಪಲಿ ತನಗೆ ತಿಳಿಯದೆ ಪರದೆಯ ಆಚೆಗೆ ಅರ್ಧ ಹೆಜ್ಜೆ ಇಟ್ಟಿತ್ತು.

ಅಲ್ಲಿಗೆ ನಿಲ್ಲಿಸಿದ್ದರೆ ಹಿಕ್ಮತ್ ತನ್ನ ಹೆಸರಿಗೆ ತಕ್ಕವನಾಗುತ್ತಿದ್ದ. ಆದರೆ ಪ್ರಾಮಾಣಿಕತೆಗೆ ಒಮ್ಮೆ ಚಾಲನೆ ಸಿಕ್ಕರೆ ಬ್ರೇಕ್ ಹಿಡಿಯುವುದಿಲ್ಲ.

"ಇಷ್ಟು ಮಾತು ಯಾಕೆ ಹಾಜಿ? ಈಗಲೇ ಕರ್ಕೊಂಡು ಹೋಗಿ, ಬೀದಿ ಕೊನೆವರೆಗೆ ಒಂದು ಸುತ್ತು ಹೊಡೆದು ಬನ್ನಿ. ನೀವೂ ಹತ್ತಿ. ಇಷ್ಟ ಆಗದಿದ್ರೆ ವಾಪಸ್ ತಂದು ಬಿಟ್ಟುಬಿಡಿ. ನಾನೇನೂ ಅಂದುಕೊಳ್ಳಲ್ಲ."

ಹಾಜಿ ಅಬು ಸಖರ್‌ನ ಗಡ್ಡ ನಡುಗಿತು. ಮೊಣಕಾಲ ಮೇಲೆ ಕೈಯೂರಿ ಎದ್ದ. "ಗಡ್ಡ ನೆರೆತಿದೆ, ನೂರು ಮನೆಗೆ ಜಾಹಾ ಹೋಗಿದೀನಿ. ಇಂಥ ಮಾತು ಯಾವ ಮನೇಲೂ ಕೇಳಲಿಲ್ಲ. ನಡೀರೋ ಎಲ್ಲಾ!" ದಂಡು ಎದ್ದಿತು. ಇಯಾದ್ ಒಬ್ಬನೇ ದೊಡ್ಡ ಬೂಟಿನಲ್ಲಿ ಕಾಲು ಊರಿಕೊಂಡು ಕೂತೇ ಇದ್ದ. ಬಟ್ಟಲುಗಳಲ್ಲಿ ಕಾಫಿ ಆರುತ್ತಿತ್ತು. "ನಾನೇನು ತಪ್ಪು ಹೇಳಿದೆ? ಇದ್ದದ್ದು ಇದ್ದ ಹಾಗೆ ಹೇಳಿದೆ," ಎಂದು ಹಿಕ್ಮತ್ ಒಬ್ಬೊಬ್ಬರ ತೋಳು ಹಿಡಿಯುತ್ತಿದ್ದ. ಇನ್ಸಾಫ್ ಆಗಿದ್ದಾಗಲಿ ಎಂದು ತಲೆಯ ವಸ್ತ್ರ ಬಿಗಿದುಕೊಂಡು ಪರದೆಗೆ ಕೈ ಹಾಕಿದಳು.

ಅಷ್ಟರಲ್ಲಿ ತಾಲೀನ್ ದಿಂಬಿನ ಮೇಲೆ ಎದ್ದು ನಿಂತು, ಅಪ್ಪನ ಕೋಟಿನ ತುದಿ ಜಗ್ಗಿ, ಬೀದಿಯ ಆಚೆ ಬಾಲ್ಕನಿಯಲ್ಲಿ ಬಟ್ಟಲು ಹಿಡಿದು ಕಾದಿದ್ದ ಉಮ್ಮ್ ಹೈತಮ್‌ಗೂ ಕೇಳಿಸುವಷ್ಟು ಗಟ್ಟಿಯಾಗಿ ಕೇಳಿದಳು:

"ಬಾಬಾ, ಇವರಿಗೆ ಬೇಕಾಗಿರೋದು ನಮ್ಮ ಕಾರಾ, ಮೈಸೂನ್ ಅತ್ತೇನಾ?"